ಗಲ್ಫಿನಲ್ಲಿ ಅಂಗಡಿ ಇಡುವ ಮುನ್ನ ಕಾಗದ ಓದಿಸಿ

ಮಂಜೇಶ್ವರದಿಂದ ಚಂದ್ರಗಿರಿಯವರೆಗೆ ಗಲ್ಫಿನ ನಂಟಿಲ್ಲದ ಊರು ಸಿಗುವುದು ಕಷ್ಟ. ಹಿಂದೆ ಸಂಬಳಕ್ಕೆಂದು ವಿಮಾನ ಹತ್ತಿದವರಲ್ಲಿ ಅನೇಕರು ಇಂದು ಅಲ್ಲೇ ಗ್ರೋಸರಿ, ಕೆಫೆಟೇರಿಯ, ವರ್ಕ್‌ಶಾಪ್ ಇಟ್ಟುಕೊಂಡಿದ್ದಾರೆ. ಇನ್ನೊಬ್ಬರ ಕೈಕೆಳಗೆ ದುಡಿದವರು ಸ್ವಂತ ವ್ಯಾಪಾರಕ್ಕೆ ಇಳಿಯುವುದು ಹೆಮ್ಮೆಯ ಸಂಗತಿಯೇ. ಆದರೆ ಆ ದೇಶದ ಕಾನೂನು ಏನು ಹೇಳುತ್ತದೆ ಎಂದು ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ: "ಪರಿಚಯದವರೊಬ್ರು ಇದ್ದಾರೆ, ಎಲ್ಲ ಅವರೇ ನೋಡಿಕೊಳ್ತಾರೆ."

ತಾಪತ್ರಯ ಶುರುವಾಗುವುದೇ ಇಲ್ಲಿಂದ. ಅಡಿಕೆ ತೋಟದ ಮೇಲೆ ಸಾಲ ತೆಗೆದು, ಮನೆಯ ಹೆಂಗಸರ ಬಂಗಾರ ಅಡವಿಟ್ಟು ಹೊಂದಿಸಿದ ದುಡ್ಡನ್ನು ಬಾಯಿಮಾತಿನ ನಂಬಿಕೆಗೆ ಒಪ್ಪಿಸುವುದು ಎಷ್ಟು ಸರಿ?

ಕಾಸರಗೋಡಿನ ಕನ್ನಡಿಗರಿಗೆ ಕಾಗದದ ಭಾಷೆಯ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಸರಕಾರಿ ಕಚೇರಿಯ ಅರ್ಜಿ, ನೋಟೀಸು ಮಲಯಾಳದಲ್ಲಿ ಮಾತ್ರ ಬಂದರೆ ಪ್ರಶ್ನಿಸುತ್ತಾರೆ, ಪ್ರಶ್ನಿಸಲೇಬೇಕು. ಅದೇ ಮನುಷ್ಯ ದುಬೈಗೆ ಹೋಗಿ ಒಂದಕ್ಷರ ಓದಲು ಬಾರದ ಅರಬ್ಬಿ ಒಪ್ಪಂದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿ ಬರುತ್ತಾನೆ! ಅಲ್ಲಿನ ಸಾಮಾನ್ಯ ನ್ಯಾಯಾಲಯಗಳ ಭಾಷೆ ಅರಬ್ಬಿ. ಎರಡು ಭಾಷೆಯ ಒಪ್ಪಂದದಲ್ಲಿ ಇಂಗ್ಲಿಷಿಗೂ ಅರಬ್ಬಿಗೂ ವ್ಯತ್ಯಾಸ ಬಂದರೆ ಅಲ್ಲಿ ನಡೆಯುವುದು ಅರಬ್ಬಿಯ ಮಾತೇ.

ಇನ್ನು ಹಳಬರ ಸಲಹೆ. ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದ ಮಾವನೋ ಭಾವನೋ ಹೇಳಿದ್ದು ಆಗ ಸತ್ಯವೇ ಆಗಿದ್ದೀತು. ಯುಎಇಯಲ್ಲಿ ಮೊದಲು ಫ್ರೀ ಝೋನಿನ ಹೊರಗೆ ಕಂಪೆನಿ ಮಾಡಬೇಕಾದರೆ ಶೇ. 51 ಪಾಲು ಸ್ಥಳೀಯ ಪ್ರಜೆಯ ಹೆಸರಲ್ಲಿರಬೇಕಿತ್ತು. ದುಡ್ಡೆಲ್ಲ ಇವರದು, ಕಾಗದದಲ್ಲಿ ಯಜಮಾನ ಬೇರೆ. ಕೆಲವು ಆಯಕಟ್ಟಿನ ಕ್ಷೇತ್ರಗಳನ್ನು ಬಿಟ್ಟರೆ 2021ರ ಜೂನ್ 1ರಿಂದ ಈ ಕಟ್ಟುಪಾಡು ಹೋಗಿದೆ. ಹೆಚ್ಚಿನ ವ್ಯಾಪಾರಗಳಲ್ಲಿ ಪೂರ್ತಿ ಪಾಲು ಸ್ವಂತ ಹೆಸರಿಗೇ ಮಾಡಿಕೊಳ್ಳಬಹುದು. ಇದು ಗೊತ್ತಿಲ್ಲದವನು ಇವತ್ತೂ ಬೇರೆಯವರ ಹೆಸರಲ್ಲಿ ಅಂಗಡಿ ಇಟ್ಟು, ಒಳ ಒಪ್ಪಂದ ನಂಬಿ ಕೂತಾನು.

ಸೌದಿಯ ಲೆಕ್ಕಾಚಾರ ಬೇರೆ. ಹೂಡಿಕೆಯ ಲೈಸನ್ಸ್ ಇಲ್ಲದೆ ಸೌದಿ ಪ್ರಜೆಯ ಹೆಸರಲ್ಲಿ ವಿದೇಶಿಯೊಬ್ಬ ತನ್ನದೇ ಅಂಗಡಿ ನಡೆಸುವುದನ್ನು ಅಲ್ಲಿ 'ತಸತ್ತುರ್' ಎನ್ನುತ್ತಾರೆ. 2020ರ ಕಾನೂನಿನಂತೆ ಇದಕ್ಕೆ ಐದು ವರ್ಷದವರೆಗೆ ಜೈಲು, 50 ಲಕ್ಷ ರಿಯಾಲ್‌ವರೆಗೆ ದಂಡ. ಹೆಸರು ಕೊಟ್ಟವನೂ ತಪ್ಪಿಸಿಕೊಳ್ಳುವಂತಿಲ್ಲ. "ಎಲ್ಲರೂ ಹೀಗೇ ಮಾಡ್ತಾರೆ" ಎಂಬ ಸಮಾಧಾನ ಅಧಿಕಾರಿಗಳ ಮುಂದೆ ನಡೆಯುವುದಿಲ್ಲ.

"ಗಲ್ಫಿನಲ್ಲಿ ಟ್ಯಾಕ್ಸ್ ಇಲ್ಲ" ಎಂಬುದೂ ಹಳೇ ಕಥೆ. ಯುಎಇಯಲ್ಲಿ 2018ರಿಂದ ಶೇ. 5 ವ್ಯಾಟ್ ಇದೆ. ವರ್ಷದ ವಹಿವಾಟು 3,75,000 ದಿರ್ಹಂ ದಾಟಿದರೆ ನೋಂದಣಿ ಕಡ್ಡಾಯ. 2023ರ ಜೂನ್ 1ರ ಬಳಿಕ ಆರಂಭವಾದ ಲೆಕ್ಕಪತ್ರ ವರ್ಷಗಳಿಗೆ ಕಂಪೆನಿ ತೆರಿಗೆಯೂ ಬಂದಿದೆ: 3,75,000 ದಿರ್ಹಂ ಮೀರಿದ ಲಾಭಕ್ಕೆ ಶೇ. 9. ಲಾಭ ಅಷ್ಟಿಲ್ಲ ಎಂದು ಕಂಪೆನಿ ನೋಂದಣಿ ಮಾಡದೆ ಇರುವಂತಿಲ್ಲ.

ಚೆಕ್ಕಿನ ವಿಚಾರ ಇನ್ನೂ ಸೂಕ್ಷ್ಮ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬೌನ್ಸ್ ಆದರೆ ಹಿಂದೆ ಜೈಲಿನ ಭಯವಿತ್ತು. 2022ರ ಜನವರಿ 2ರಿಂದ ಅದು ಬರಿಯ ಹಣದ ಕೊರತೆಯಾಗಿದ್ದರೆ ಕ್ರಿಮಿನಲ್ ಅಪರಾಧವಲ್ಲ. ಹಾಗೆಂದು ನಿಶ್ಚಿಂತೆಯಿಂದ ಇರಬೇಡಿ. ಚೆಕ್ ಹಿಡಿದವನು ದೊಡ್ಡ ದಾವೆ ಹೂಡದೆ ನೇರವಾಗಿ ಹಣ ವಸೂಲಿಯ ನ್ಯಾಯಾಲಯಕ್ಕೆ ಹೋಗಬಹುದು. ಮೋಸದ ಉದ್ದೇಶವಿದ್ದರೆ ಕ್ರಿಮಿನಲ್ ಕೇಸೂ ಉಂಟು. ಮೊತ್ತ ಬರೆಯದೆ ಸಹಿ ಮಾತ್ರ ಹಾಕಿದ ಚೆಕ್ ಕೊಡುವ ಅಭ್ಯಾಸ ಇನ್ನಾದರೂ ನಿಲ್ಲಲಿ.

ಊರಿಗೆ ಓಡಿ ಬಂದರೆ ಬಚಾವ್ ಎಂಬ ಭ್ರಮೆ ಬೇರೆ. 2020ರ ಜನವರಿಯಲ್ಲಿ ಭಾರತ ಸರಕಾರ ಯುಎಇಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಸೇರಿಸಿದೆ. ಅಂದರೆ ಅಲ್ಲಿನ ಸಿವಿಲ್ ನ್ಯಾಯಾಲಯದ ಹಣದ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿಗೆ ಹಾಕಬಹುದು. ಬದಿಯಡ್ಕದ ತೋಟ, ಉಪ್ಪಳದ ಮನೆ ಜಪ್ತಿಗೆ ಬಂದಾಗ ಎಚ್ಚೆತ್ತರೆ ಏನು ಪ್ರಯೋಜನ?

ಊರಿನಿಂದ ಹಣ ಕಳಿಸುವುದಕ್ಕೂ ನಿಯಮವಿದೆ. ಇಲ್ಲಿ ವಾಸಿಸುವ ಒಬ್ಬರು ಆರ್ಥಿಕ ವರ್ಷವೊಂದಕ್ಕೆ 2,50,000 ಡಾಲರ್‌ವರೆಗೆ ಬ್ಯಾಂಕ್ ಮೂಲಕ ಕಳಿಸಬಹುದು. ಮಗನ ಕಂಪೆನಿಯಲ್ಲಿ ಅಪ್ಪ ಪಾಲುದಾರನಾದರೆ ಅದನ್ನು ಬ್ಯಾಂಕಿಗೆ ತಿಳಿಸಿ ವರದಿ ಕೊಡಬೇಕು. ಹವಾಲಾ ದಾರಿ ಹಿಡಿದರೆ ಫೆಮಾ ಕಾನೂನಿನಂತೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು.

ಹಾಗಾದರೆ ವ್ಯಾಪಾರವೇ ಬೇಡವೇ? ಬೇಕು. ಆದರೆ ಸಹಿಗೆ ಮೊದಲು ನಾಲ್ಕು ಪ್ರಶ್ನೆ ಕೇಳಲಿ. ಲೈಸನ್ಸ್ ಯಾರ ಹೆಸರಲ್ಲಿ? ಅದರಲ್ಲಿ ಯಾವ ವ್ಯಾಪಾರಕ್ಕೆ ಅನುಮತಿ ಇದೆ? ನಷ್ಟವಾದರೆ ಹೊರುವವರು ಯಾರು? ಪಾಲುದಾರ ಬಿಟ್ಟುಹೋದರೆ ಗತಿಯೇನು? ಉತ್ತರ ಕಾಗದದಲ್ಲಿರಲಿ, ಅದನ್ನು ಅಲ್ಲಿನ ವಕೀಲರಿಂದ ಓದಿಸಲಿ. ಅಂಗಡಿಗೆ ಲಕ್ಷಗಟ್ಟಲೆ ಸುರಿಯುವವರಿಗೆ ವಕೀಲರ ಫೀಸು ಭಾರವಾಗಬಾರದು.

ಸಂಘ ಸಂಸ್ಥೆಗಳಿಗೂ ಇಲ್ಲಿ ಕೆಲಸವಿದೆ. ಗಲ್ಫಿನ ಕನ್ನಡ ಸಂಘಗಳು ಯಕ್ಷಗಾನ, ರಾಜ್ಯೋತ್ಸವ ನಡೆಸಲಿ, ಜೊತೆಗೆ ವರ್ಷಕ್ಕೊಂದು ಕಾನೂನು ಮಾಹಿತಿ ಶಿಬಿರವನ್ನೂ ಇಟ್ಟುಕೊಳ್ಳಲಿ. ಗಡಿನಾಡ ಕನ್ನಡಿಗನೂ ಕೇರಳದ ನಿವಾಸಿಯೇ. ನೋರ್ಕಾ ರೂಟ್ಸ್‌ನ ಪ್ರವಾಸಿ ಕಾನೂನು ನೆರವಿನ ಮಾಹಿತಿ ಅವನಿಗೆ ಕನ್ನಡದಲ್ಲಿ ಸಿಗಬೇಕೆಂದು ಕೇಳುವುದು ನ್ಯಾಯ.

ಮಗ ಫೋನ್ ಮಾಡಿ "ಅಪ್ಪ, ದುಡ್ಡು ಕಳಿಸಿ" ಎಂದಾಗ ಮನೆಯವರು ಮೊದಲು ಕೇಳಬೇಕಾದದ್ದು ಒಂದೇ: "ಕಾಗದ ಯಾರಿಗೆ ತೋರಿಸಿದೆ ಮಗಾ?"