ಆಟವೊಂದೇ, ರುಚಿ ಬೇರೆ

ಎರಡು ವರ್ಷಗಳ ಹಿಂದೆ ನಮ್ಮ ಪಿ.ಯು. ತರಗತಿಯಲ್ಲಿ ಇಬ್ಬರು ವಿದ್ಯಾರ್ಥಿಗಳಿದ್ದರು. ಒಬ್ಬನಿಗೆ ವೀಡಿಯೊ ಆಟಗಳೆಂದರೆ ಪ್ರಾಣ. ಆಟದ ಒಂದೇ ಘಟ್ಟವನ್ನು ದಾಟುವುದಕ್ಕಾಗಿ ಅವನು ಇಡೀ ಸಂಜೆಯನ್ನು ಕಳೆಯುತ್ತಿದ್ದನು. ಪ್ರಯೋಗಶಾಲೆಯಲ್ಲಾದರೋ ಲೋಲಕದ ಮುಂದೆ ಹತ್ತು ನಿಮಿಷ ನಿಲ್ಲುವಷ್ಟರಲ್ಲಿ ಆಕಳಿಸುತ್ತಿದ್ದನು. ಅವನನ್ನು ನಾವು ಒಂದು ದಿನ ಎಲ್ಲರ ಎದುರಿನಲ್ಲಿ ಸೋಮಾರಿಯೆಂದು ಗದರಿಸಿದೆವು. ಇನ್ನೊಬ್ಬಳಿಗೆ ಆ ಆಟಗಳು ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಅವಳು ಒಮ್ಮೆ ನಮ್ಮ ಬಳಿಗೆ ಬಂದು, "ಸಾರ್, ಮನೇಲಿ ತಮ್ಮ ಆಡೋ ಗೇಮ್ ನನ್ನ ತಲೆಗೇ ಹತ್ತೋದಿಲ್ಲ. ನನ್ನಂಥವಳು ಕಂಪ್ಯೂಟರ್ ಸೈನ್ಸ್ ತಗೊಳ್ಳಬಾರದೇನೋ" ಎಂದಳು.

ನಮ್ಮ ಗದರಿಕೆಯೂ ಅವಳ ಸಂದೇಹವೂ ಒಂದೇ ತಪ್ಪಿನಿಂದ ಹುಟ್ಟಿದವು ಎಂಬುದು ನಮಗೆ ತಡವಾಗಿ ಹೊಳೆಯಿತು. ಆಟವು ರುಚಿಸುವುದನ್ನೂ ರುಚಿಸದಿರುವುದನ್ನೂ ನಾವಿಬ್ಬರೂ ಮನುಷ್ಯನ ಗುಣಕ್ಕೋ ಬುದ್ಧಿಗೋ ಅಳತೆಗೋಲನ್ನಾಗಿ ಮಾಡಿಕೊಂಡಿದ್ದೆವು. ಲೋಕದಲ್ಲಿ ರುಚಿ ಹಲವು ಬಗೆ ಎಂದು ಹೇಳಿ ಕೈತೊಳೆದುಕೊಳ್ಳುವುದೇನೋ ಸುಲಭ. ಆದರೆ ಅದರಿಂದ ಪ್ರಶ್ನೆಗೆ ಹೆಸರಿಟ್ಟಂತಾಯಿತೇ ಹೊರತು ಉತ್ತರ ಕೊಟ್ಟಂತಾಗಲಿಲ್ಲ. ರುಚಿಭೇದಕ್ಕೂ ಕಾರಣಗಳಿರಬೇಕು, ಅವುಗಳಲ್ಲಿ ಕೆಲವನ್ನು ವಿಜ್ಞಾನವು ಗುರುತಿಸಿಯೂ ಇದೆ.

ವೀಡಿಯೊ ಆಟದ ತೌರುಮನೆಗಳಲ್ಲಿ ಭೌತವಿಜ್ಞಾನದ ಪ್ರಯೋಗಶಾಲೆಯೂ ಒಂದು ಎಂಬುದನ್ನು ನಮ್ಮ ತರುಣ ವಾಚಕರಲ್ಲಿ ಅನೇಕರು ಅರಿತಿರಲಾರರು. ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಶಾಲೆಯಲ್ಲಿದ್ದ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿಯು 1958ರಲ್ಲಿ, ಸಂದರ್ಶಕರ ದಿನದಂದು ಬರುವ ಜನರಿಗೆ ಬೇಸರವಾಗದಿರಲೆಂದು ಟೆನಿಸ್ ಆಟವೊಂದನ್ನು ರಚಿಸಿದನು. ಚಿಕ್ಕದೊಂದು ಅನಲಾಗ್ ಗಣಕಯಂತ್ರವು ಚೆಂಡಿನ ಪಥವನ್ನು ಲೆಕ್ಕಹಾಕುತ್ತಿತ್ತು. ಐದು ಅಂಗುಲದ ಆಸಿಲೊಸ್ಕೋಪಿನ ತೆರೆಯ ಮೇಲೆ ಬೆಳಕಿನ ಚುಕ್ಕೆಯೊಂದು ಬಲೆಯನ್ನು ದಾಟಿ ಪುಟಿಯುತ್ತಿತ್ತು. ಆಡುವವನ ಕೈಯಲ್ಲಿದ್ದುದು ತಿರುಗಿಸುವ ಒಂದು ಗುಂಡಿ, ಒತ್ತುವ ಒಂದು ಗುಂಡಿ, ಅಷ್ಟೆ. ಆದರೂ ಜನರು ಇದರ ಮುಂದೆ ಸಾಲುಗಟ್ಟಿ ನಿಂತರು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಪ್ರದರ್ಶನದ ವಸ್ತುವನ್ನು ನಾವು ನೋಡಬಹುದು. ಆದರೆ ಅದು ನಮಗೆ ಉತ್ತರ ಕೊಡುವುದಿಲ್ಲ. ಈ ಚುಕ್ಕೆಯಾದರೋ ಕೈ ಆಡಿದ ಕ್ಷಣದಲ್ಲೇ ಉತ್ತರ ಕೊಡುತ್ತಿತ್ತು.

ಈ ತತ್‌ಕ್ಷಣದ ಉತ್ತರವೇ ಆಟದ ಜೀವಾಳ. 1998ರಲ್ಲಿ ಲಂಡನ್ನಿನ ಸಂಶೋಧಕರು ಎಂಟು ಮಂದಿ ಸ್ವಯಂಸೇವಕರಿಗೆ ಟ್ಯಾಂಕು ನಡೆಸುವ ಆಟವೊಂದನ್ನು ಆಡಲು ಕೊಟ್ಟು, ಆಗ ಅವರ ಮಿದುಳಿನಲ್ಲಾಗುವ ರಾಸಾಯನಿಕ ವ್ಯತ್ಯಾಸವನ್ನು ಅಳೆದರು. ಆಡುವಾಗ ಡೋಪಮೀನ್ ಎಂಬ ವಸ್ತುವಿನ ಬಿಡುಗಡೆಯು ಹೆಚ್ಚಿತು. ಚೆನ್ನಾಗಿ ಆಡಿದವರಲ್ಲಿ ಅದು ಇನ್ನೂ ಹೆಚ್ಚಾಗಿ ಕಂಡಿತು. ಆದರೆ ಡೋಪಮೀನನ್ನು ಸುಖದ ರಸವೆಂದು ಕರೆಯುವುದು ಸರಿಯಲ್ಲ. ಮಂಗಗಳ ಮೇಲೆ ನಡೆದ ಪ್ರಯೋಗಗಳ ಪ್ರಕಾರ, ನಿರೀಕ್ಷಿಸಿದುದಕ್ಕಿಂತ ಹೆಚ್ಚಿನ ಫಲ ದೊರೆತಾಗ ಈ ವಸ್ತುವನ್ನು ಹೊರಸೂಸುವ ನರಕೋಶಗಳು ಚುರುಕಾಗುತ್ತವೆ. ಫಲವು ಮೊದಲೇ ಖಚಿತವಾಗಿದ್ದರೆ ಅವು ಆ ಫಲಕ್ಕೆ ಸುಮ್ಮನಿರುತ್ತವೆ. ಆದುದರಿಂದ ಸದಾ ಗೆಲ್ಲುವ ಆಟವೂ ಸದಾ ಸೋಲುವ ಆಟವೂ ಬೇಗನೆ ಸಪ್ಪೆಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಇದೇ ಮಾತನ್ನು ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ 1975ರಲ್ಲಿ ಇನ್ನೊಂದು ದಾರಿಯಿಂದ ಹೇಳಿದ್ದನು. ಚದುರಂಗವಾಡುವವರು, ಬಂಡೆ ಹತ್ತುವವರು, ಶಸ್ತ್ರವೈದ್ಯರು ಮೊದಲಾದವರನ್ನು ವಿಚಾರಿಸಿ ಅವನು ಕಂಡುಕೊಂಡುದಿಷ್ಟು: ಕೆಲಸದ ಕಷ್ಟವು ನಮ್ಮ ಶಕ್ತಿಯನ್ನು ಮೀರಿದರೆ ಕಳವಳ, ಶಕ್ತಿಗಿಂತ ಬಹಳ ಕಡಿಮೆಯಾದರೆ ಬೇಸರ, ಎರಡೂ ಸಮತೂಕದಲ್ಲಿರುವ ಇಕ್ಕಟ್ಟಾದ ದಾರಿಯಲ್ಲಿ ಮಾತ್ರ ಮನುಷ್ಯನು ಕಾಲವನ್ನು ಮರೆಯುತ್ತಾನೆ. 1980ರ ದಶಕದಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೊವ್ ರಚಿಸಿದ ಟೆಟ್ರಿಸ್ ಆಟವನ್ನೇ ನೋಡಿರಿ. ನಾಲ್ಕು ನಾಲ್ಕು ಚೌಕಗಳಿಂದಾದ ಏಳೇ ಆಕೃತಿಗಳು. ಅವು ಮೇಲಿನಿಂದ ಬೀಳುತ್ತವೆ. ಆಡುವವನ ಕೈ ಪಳಗಿದಂತೆಲ್ಲ ಬೀಳುವ ವೇಗವೂ ಏರುತ್ತದೆ. ಕಷ್ಟವು ಶಕ್ತಿಯ ಬೆನ್ನಿಗೇ ನಡೆಯುತ್ತದೆ.

ಹಾಗಾದರೆ ಈ ದಾರಿಯು ಎಲ್ಲರಿಗೂ ಏಕೆ ತೆರೆದಿಲ್ಲ? ಮೊದಲ ಕಾರಣ ಹೊಸ್ತಿಲಿನದು. ಇಂದಿನ ಅನೇಕ ಆಟಗಳಲ್ಲಿ ಎಡ ಹೆಬ್ಬೆರಳು ನಡೆಸಬೇಕು, ಬಲ ಹೆಬ್ಬೆರಳು ನೋಟವನ್ನು ತಿರುಗಿಸಬೇಕು, ಉಳಿದ ಬೆರಳುಗಳು ಬೇರೆ ಗುಂಡಿಗಳನ್ನು ಒತ್ತಬೇಕು. ಹತ್ತನೆಯ ವಯಸ್ಸಿನಲ್ಲಿ ಇದನ್ನು ಕಲಿತವನು ತಾನು ಕಲಿತುದನ್ನೇ ಮರೆತಿರುತ್ತಾನೆ. ಇಪ್ಪತ್ತರಲ್ಲಿ ಮೊದಲ ಬಾರಿಗೆ ಹಿಡಿದವಳು ಗೋಡೆಗೆ ಡಿಕ್ಕಿ ಹೊಡೆಯುತ್ತಾಳೆ, ಸುತ್ತಲಿನವರು ನಗುತ್ತಾರೆ, ಆಟ ಅಲ್ಲಿಗೆ ಮುಗಿಯುತ್ತದೆ. ಅವಳಿಗೆ ರುಚಿಸದಿದ್ದುದು ಆಟವಲ್ಲ; ಆಟದವರೆಗೆ ಅವಳು ಹೋಗಿಯೇ ಇಲ್ಲ. "ಹುಡುಗಿಯರಿಗೆ ಇದು ಬಾರದು" ಎನ್ನುವವರು ಕೇಳಬೇಕಾದ ಪ್ರಯೋಗವೊಂದಿದೆ. 2007ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ, ಇಂತಹ ಆಟಗಳನ್ನಾಡದ ಯುವಕ ಯುವತಿಯರಿಗೆ ಹತ್ತು ಗಂಟೆಗಳ ಕಾಲ ವೇಗದ ಆಟವೊಂದರಲ್ಲಿ ತರಬೇತಿ ಕೊಡಲಾಯಿತು. ಆಕೃತಿಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಗಂಡು ಹೆಣ್ಣುಗಳ ನಡುವೆ ಮೊದಲಿದ್ದ ಅಂತರವು ಆ ಬಳಿಕ ಬಹಳ ಕಿರಿದಾಯಿತು. ಜನ್ಮಸಿದ್ಧವೆಂದು ನಾವು ತಿಳಿಯುವುದರಲ್ಲಿ ಎಷ್ಟೋ ಭಾಗ ಅಭ್ಯಾಸದ ಫಲ.

ಎರಡನೆಯ ಕಾರಣ ದೇಹದ್ದು. ಆಗುಂಬೆಯ ಘಾಟಿಯಲ್ಲಿ ಬಸ್ಸು ಹತ್ತುವಾಗ ಪುಸ್ತಕ ಓದಿ ಹೊಟ್ಟೆ ತೊಳಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಒಳಕಿವಿಯು "ಚಲಿಸುತ್ತಿದ್ದೇವೆ" ಎನ್ನುತ್ತದೆ, ಪುಟದ ಮೇಲೆ ನೆಟ್ಟ ಕಣ್ಣು "ಇಲ್ಲ" ಎನ್ನುತ್ತದೆ. ವೀರನ ಕಣ್ಣಿನಿಂದಲೇ ಜಗತ್ತನ್ನು ತೋರಿಸುವ ಆಟಗಳಲ್ಲಿ ಇದು ತಿರುಗುಮುರುಗಾಗುತ್ತದೆ: ಕಣ್ಣು ಓಡುತ್ತದೆ, ಒಳಕಿವಿ ಕುರ್ಚಿಯಲ್ಲಿ ಕುಳಿತಿರುತ್ತದೆ. ಈ ಮನಸ್ತಾಪವನ್ನು ಕೆಲವರ ದೇಹ ಲೆಕ್ಕಿಸುವುದಿಲ್ಲ. ಕೆಲವರಿಗೆ ಕಾಲುಗಂಟೆಯಲ್ಲೇ ತಲೆಸುತ್ತು ಬರುತ್ತದೆ. ಅಂತಹವರನ್ನು ಅರಸಿಕರೆನ್ನುವುದು ಅನ್ಯಾಯವಲ್ಲವೆ?

ಮೂರನೆಯ ಕಾರಣ ಮನಸ್ಸಿನ ಹಸಿವಿನದು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ, ಹಲವರು ಕೂಡಿ ಆಡಬಹುದಾದ ಗಣಕಯಂತ್ರದ ಆಟವೊಂದರ ರಚನೆಯಲ್ಲಿ ಪಾಲ್ಗೊಂಡಿದ್ದ ರಿಚರ್ಡ್ ಬಾರ್ಟಲ್, 1996ರಲ್ಲಿ ಇಂತಹ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು. ಅಂಕ ಪದವಿಗಳನ್ನು ಗಳಿಸಬಯಸುವವರು, ಆಟದ ಜಗತ್ತಿನ ಮೂಲೆಮೂಲೆಯನ್ನು ಶೋಧಿಸಬಯಸುವವರು, ಸಂಗಾತಿಗಳ ಮಾತುಕತೆಗಾಗಿ ಬರುವವರು, ಇತರರನ್ನು ಕೆಣಕಿ ಮಣಿಸಬಯಸುವವರು. ಗಳಿಸುವವನಿಗೆಂದು ಮಾಡಿದ ಆಟವನ್ನು ಶೋಧಿಸುವವನ ಕೈಗೆ ಕೊಟ್ಟರೆ ಅವನು ಆಕಳಿಸುತ್ತಾನೆ. ಇನ್ನು ಕೆಲವರು ಈ ಹಸಿವನ್ನು ವೀಣೆಯಲ್ಲೋ, ಕಬಡ್ಡಿಯಲ್ಲೋ, ಹಿತ್ತಿಲಿನ ಗಿಡಗಳಲ್ಲೋ ಆಗಲೇ ತೀರಿಸಿಕೊಂಡಿರುತ್ತಾರೆ.

ಉಯ್ಯಾಲೆಯನ್ನು ತೂಗಿದವರಿಗೆ ಅನುರಣನೆಯ ತತ್ತ್ವ ಗೊತ್ತು. ಉಯ್ಯಾಲೆಗೆ ತನ್ನದೇ ಲಯವಿದೆ. ಆ ಲಯಕ್ಕೆ ಸರಿಯಾಗಿ ಮೆಲ್ಲನೆ ತಳ್ಳಿದರೂ ಅದು ಎತ್ತರಕ್ಕೇರುತ್ತದೆ, ಲಯ ತಪ್ಪಿದರೆ ಎಷ್ಟು ಬಲವಾಗಿ ತಳ್ಳಿದರೂ ತಡವರಿಸುತ್ತದೆ. ಏರದಿದ್ದಾಗ ಉಯ್ಯಾಲೆಯನ್ನು ಬೈಯುವವರಿಲ್ಲ. ಮನುಷ್ಯನು ಉಯ್ಯಾಲೆಯಷ್ಟು ಸರಳನಲ್ಲವೆಂಬುದು ನಿಜ. ಆದರೂ ಆನಂದವು ಆಟದಲ್ಲೂ ಇಲ್ಲ, ಆಡುವವನಲ್ಲೂ ಇಲ್ಲ, ಅವರಿಬ್ಬರ ಹೊಂದಾಣಿಕೆಯಲ್ಲಿದೆ ಎಂಬಷ್ಟನ್ನು ಈ ಉಪಮಾನ ಚೆನ್ನಾಗಿಯೇ ತಿಳಿಸುತ್ತದೆ.

"ಹಾಗಾದರೆ ಹಗಲೂ ರಾತ್ರಿ ಆಡಲಿ ಎನ್ನುವಿರಾ?" ಎಂದು ತಾಯಿತಂದೆಗಳು ಕೇಳಬಹುದು. ಖಂಡಿತ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕಾರವಾಗಿ 2022ರಲ್ಲಿ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನಕ್ಕೂ ಸ್ಥಾನ ಕೊಟ್ಟಿದೆ. ಆದರೆ ಅದರ ಲಕ್ಷಣಗಳನ್ನು ಗಮನಿಸಬೇಕು: ಆಟದ ಮೇಲೆ ಹತೋಟಿ ತಪ್ಪುವುದು, ಇತರ ಎಲ್ಲ ಕೆಲಸಗಳಿಗಿಂತ ಅದೇ ಮೇಲಾಗುವುದು, ಹಾನಿಯಾಗುತ್ತಿದೆಯೆಂದು ಕಂಡರೂ ಬಿಡಲಾಗದಿರುವುದು; ಇದೆಲ್ಲ ಸಾಮಾನ್ಯವಾಗಿ 12 ತಿಂಗಳಾದರೂ ನಡೆದಿರಬೇಕು. ಹಣವನ್ನು ಪಣವಾಗಿಡುವ ಆನ್‌ಲೈನ್ ಆಟಗಳ ಮಾತೇ ಬೇರೆ. ಅವನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರಲ್ಲಿ ಅಂಗೀಕರಿಸಿತು. ವ್ಯಸನವನ್ನೂ ಜೂಜನ್ನೂ ಹವ್ಯಾಸದೊಡನೆ ಬೆರೆಸಿದರೆ, ನಿಜವಾದ ರೋಗಿಯೂ ನಮ್ಮ ಕಣ್ಣಿಗೆ ಬೀಳದೆ ಹೋಗುತ್ತಾನೆ.

ಇನ್ನು ನಮ್ಮ ತಪ್ಪಿಗೆ ಬರೋಣ. ಗದರಿಸಿದ ಕೆಲವು ದಿನಗಳ ಮೇಲೆ ಆ ಹುಡುಗನು ಆಡುವುದನ್ನು ನಾವು ಪಕ್ಕದಲ್ಲಿ ಕುಳಿತು ನೋಡಿದೆವು. ಅವನು ಸೋಲುತ್ತಿದ್ದನು, ಯಾವುದಾದರೂ ಒಂದೇ ಒಂದನ್ನು ಬದಲಿಸುತ್ತಿದ್ದನು, ಮತ್ತೆ ಯತ್ನಿಸುತ್ತಿದ್ದನು. ಪ್ರಯೋಗಶಾಲೆಯಲ್ಲಿ ನಾವು ಕಲಿಸಬೇಕೆಂದಿದ್ದುದೂ ಅದನ್ನೇ. ಅಲ್ಲಿ ನಾವು ಅವನಿಗೆ ಕೊಟ್ಟಿದ್ದುದು ಮಾತ್ರ ಉತ್ತರ ಮೊದಲೇ ಗೊತ್ತಿರುವ ಪ್ರಯೋಗ, ತಪ್ಪಿದರೆ ಅಂಕ ಕಡಿತ. ಮುಂದಿನ ವಾರ ಲೋಲಕವನ್ನೇ ಕೊಟ್ಟು ಪ್ರಶ್ನೆಯನ್ನು ಬದಲಿಸಿದೆವು: "ಎಷ್ಟು ದೂರ ಎಳೆದುಬಿಟ್ಟರೆ ಪುಸ್ತಕದ ಸೂತ್ರ ಸುಳ್ಳಾಗುತ್ತದೆ, ನೀನೇ ಕಂಡುಹಿಡಿ." 60 ಡಿಗ್ರಿಗಳಷ್ಟು ಎಳೆದರೆ ದೋಲನಾವಧಿಯು ಸುಮಾರು ಶೇಕಡ 7ರಷ್ಟು ಹೆಚ್ಚುತ್ತದೆ, 5 ಡಿಗ್ರಿಗಳಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ. ಆ ದಿನ ಗಂಟೆ ಬಾರಿಸಿದರೂ ಅವನು ಹೊರಡಲಿಲ್ಲ. ಅವನು ಮಹಾ ಮೇಧಾವಿಯಾದನೆಂದು ನಾವು ಹೇಳುವುದಿಲ್ಲ. ಆಕಳಿಸುವುದನ್ನು ಬಿಟ್ಟನು, ಅಷ್ಟೆ. ಆ ಹುಡುಗಿಯು ಈಗ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾಳೆ. ಆಟಗಳನ್ನು ಅವಳು ಈಗಲೂ ಆಡುವುದಿಲ್ಲ. ಅದು ಅವಳ ಓದಿಗೆ ಅಡ್ಡಿಯೂ ಆಗಿಲ್ಲ.

ತರುಣ ವಾಚಕರೆ, ನಿಮ್ಮ ಗೆಳೆಯನ ಆಟ ನಿಮಗೆ ಸಪ್ಪೆಯೆನಿಸಿದರೆ ಅವನನ್ನೂ ಹಳಿಯಬೇಡಿರಿ, ನಿಮ್ಮನ್ನೂ ಹಳಿದುಕೊಳ್ಳಬೇಡಿರಿ. ಹೊಸ್ತಿಲು ಎತ್ತರವಾಯಿತೆ, ದೇಹ ಒಪ್ಪಲಿಲ್ಲವೆ, ಅಥವಾ ಹಸಿವೇ ಬೇರೆಯೆ ಎಂದು ವಿಚಾರಿಸಿರಿ. ತೀರ್ಪು ಕೊಡುವ ಮೊದಲು ಕಾರಣವನ್ನು ಕೇಳುವುದೇ ವಿಜ್ಞಾನದ ಮೊದಲ ಪಾಠ. ಅದನ್ನು ಕಲಿಸಬೇಕಾದ ನಾವೇ ಅದನ್ನು ಒಬ್ಬ ವಿದ್ಯಾರ್ಥಿಯಿಂದ ಮತ್ತೆ ಕಲಿಯಬೇಕಾಯಿತು.