ದಾಖಲೆಯಲ್ಲಿ ಹೆಸರು

ಪೌರತ್ವವು ಹುಟ್ಟಿನೊಡನೆ ತಾನಾಗಿಯೇ ಬರುವ ಸಂಪತ್ತೆಂದು ನಾವು ಭಾವಿಸುತ್ತೇವೆ. ಬಹುಮಂದಿಗೆ ಅದು ಹಾಗೆಯೇ ಬರುವುದರಿಂದ ಅದರ ಬೆಲೆ ನಮಗೆ ಅರಿವಾಗುವುದಿಲ್ಲ. ನಮ್ಮ 1955ರ ಪೌರತ್ವ ಅಧಿನಿಯಮವು ಜನನ, ವಂಶ, ನೋಂದಣಿ, ದೇಶೀಕರಣ ಎಂಬ ನಾಲ್ಕು ಬಗೆಗಳೊಡನೆ ಐದನೆಯದೊಂದನ್ನೂ ಹೇಳುತ್ತದೆ: ಹೊಸ ಭೂಪ್ರದೇಶವೊಂದು ರಾಷ್ಟ್ರದೊಳಗೆ ಸೇರುವುದು. ಇಲ್ಲಿ ಮನುಷ್ಯನು ಇದ್ದಲ್ಲಿಯೇ ಇರುತ್ತಾನೆ. ದೇಶವೇ ಅವನ ಬಾಗಿಲಿಗೆ ಬರುತ್ತದೆ. ಆಗ ಅವನನ್ನು ಪೌರನೆಂದು ಗುರುತಿಸುವ ಬಗೆ ಹೇಗೆ?

1961ರ ಡಿಸೆಂಬರಿನಲ್ಲಿ ಗೋವೆಯು ಪೋರ್ಚುಗೀಸರ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ಮರುವರ್ಷ ಹೊರಟ ಆಜ್ಞೆಯಂತೆ, ಆ ತಿಂಗಳ 20ಕ್ಕೆ ಮುನ್ನ ತಾನಾಗಲಿ, ತಂದೆತಾಯಿಗಳಲ್ಲೊಬ್ಬರಾಗಲಿ, ಅಜ್ಜ ಅಜ್ಜಿಯರಲ್ಲೊಬ್ಬರಾಗಲಿ ಆ ನೆಲದಲ್ಲಿ ಹುಟ್ಟಿದ್ದರೆ ಅಂತಹವನು ಭಾರತದ ಪೌರನಾದನು. ಹಿಂದಿನ ಪೌರತ್ವವನ್ನೇ ಉಳಿಸಿಕೊಳ್ಳಬಯಸಿದವರು ಮಾತ್ರ ಒಂದು ತಿಂಗಳೊಳಗೆ ಲಿಖಿತ ಘೋಷಣೆ ಕೊಡಬೇಕಾಗಿತ್ತು. ಬಲೆ ಬೀಸಿ ಬದುಕುವ, ಸಹಿ ಹಾಕಲರಿಯದ ಬೆಸ್ತನು ಸುಮ್ಮನಿದ್ದರೂ ಪೌರನೇ. ಈ ಕ್ರಮವು ಉದಾರವಾದುದೆಂದು ನನ್ನ ಎಣಿಕೆ. ಗಡುವು ಮಾತ್ರ ಕಿರಿದಾಯಿತು.

ಸಿಕ್ಕಿಮಿನ ಕಥೆ ಬೇರೆ. ಛೋಗ್ಯಾಲರು ಆಳುತ್ತಿದ್ದ ಆ ರಾಜ್ಯದಲ್ಲಿ 1961ರಲ್ಲಿ ನಿಬಂಧನೆಯೊಂದು ಹೊರಟು, ‘ಸಿಕ್ಕಿಂ ಪ್ರಜೆ’ಗಳ ಹೆಸರುಗಳನ್ನು ದಾಖಲೆ ಪುಸ್ತಕದಲ್ಲಿ ಬರೆಯಲಾಯಿತು. 1975ರಲ್ಲಿ ಸಿಕ್ಕಿಂ ಭಾರತದ 22ನೆಯ ರಾಜ್ಯವಾದಾಗ, ಹೀಗೆ ಪ್ರಜೆಗಳೆನಿಸಿದ್ದವರು ಆ ವರ್ಷದ ಏಪ್ರಿಲ್ 26ರಿಂದ ಭಾರತದ ಪೌರರಾದರು. ಅರ್ಹತೆಯಿದ್ದೂ ಪುಸ್ತಕದಲ್ಲಿ ಹೆಸರು ಬಿಟ್ಟುಹೋಗಿದ್ದವರ ಗತಿಯೇನು? ಅವರಿಗಾಗಿ ಆಜ್ಞೆಯನ್ನು ತಿದ್ದಿದ್ದು 1989ರಲ್ಲಿ. ಹದಿನಾಲ್ಕು ವರ್ಷಗಳು! ಒಂದು ಕೂಸು ಒಂಬತ್ತನೆಯ ತರಗತಿಗೆ ಬರುವಷ್ಟು ಕಾಲ.

ಬರಹಕ್ಕೆ ಬಿದ್ದದ್ದೆಲ್ಲ ಸತ್ಯವೆಂದೂ ಬೀಳದ್ದು ಸುಳ್ಳೆಂದೂ ನಂಬುವುದು ಕಛೇರಿಗಳ ಸ್ವಭಾವ. ಶಾಲೆಯ ದಾಖಲಾತಿ ಪುಸ್ತಕವನ್ನು ವರ್ಷಗಟ್ಟಲೆ ತುಂಬಿದವನಿಗೆ ಇದರ ಹುರುಳು ಗೊತ್ತು. ಮಗು ಹುಟ್ಟಿದ ದಿನವನ್ನು ಕೇಳಿದರೆ, “ಬರಗಾಲದ ವರ್ಷ, ಯುಗಾದಿಯ ಆಸುಪಾಸು, ಮೇಷ್ಟ್ರೇ” ಎಂದು ಹೇಳುವ ತಂದೆಯರಿದ್ದರು. ನಾವು ಬರೆದ ತಾರೀಖೇ ಮುಂದೆ ಆ ಮಗುವಿನ ಹುಟ್ಟುಹಬ್ಬವಾಯಿತು. ಪುಸ್ತಕವು ಬೇಡವೆಂದು ನನ್ನ ವಾದವಲ್ಲ. ದಾಖಲೆಯಿಲ್ಲದ ಬಡವನು ಪ್ರಬಲನ ಮಾತಿಗೆ ಬೇಗನೆ ಬಲಿಯಾಗುತ್ತಾನೆ. ಆದರೆ ಬರೆಯುವ ಹೊಣೆ ಸರ್ಕಾರದ್ದಾಗಿರುವಾಗ, ಬಿಟ್ಟುಹೋದುದರ ಶಿಕ್ಷೆ ಪ್ರಜೆಯ ತಲೆಗೇಕೆ?

ಪುಸ್ತಕಕ್ಕೆ ಮತ್ತೊಂದು ಕುರುಡೂ ಇತ್ತು. 2008ರಲ್ಲಿ ಸಿಕ್ಕಿಮಿಗರಿಗೆ ಆದಾಯ ತೆರಿಗೆಯ ವಿನಾಯಿತಿ ಕೊಟ್ಟಾಗ ಅರ್ಹತೆಯ ಅಳತೆಗೋಲು ಅದೇ ಹಳೆಯ ದಾಖಲೆ. ತನ್ನ ಹೆಸರು ಅದರಲ್ಲಿಲ್ಲದವನು ತಂದೆಯ, ಗಂಡನ, ತಂದೆಯ ತಂದೆಯ, ಇಲ್ಲವೆ ಅದೇ ತಂದೆಗೆ ಹುಟ್ಟಿದ ಸಹೋದರನ ಹೆಸರನ್ನು ತೋರಿಸಬಹುದಾಗಿತ್ತು. ತಾಯಿಯ ಹೆಸರಿಗೆ ಆ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಆ ವರ್ಷದ ಏಪ್ರಿಲ್ 1ರ ಬಳಿಕ ಹೊರಗಿನವನನ್ನು ಮದುವೆಯಾದ ಸಿಕ್ಕಿಮಿನ ಹೆಣ್ಣುಮಗಳಿಗೂ ವಿನಾಯಿತಿ ಇಲ್ಲವಾಯಿತು. ಹೊರಗಿನವಳನ್ನು ಮದುವೆಯಾದ ಗಂಡಿಗೆ ಅಂತಹ ನಿರ್ಬಂಧವಿರಲಿಲ್ಲ. 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಭೇದವನ್ನು ರದ್ದುಗೊಳಿಸಿತು. 1975ರ ವಿಲೀನಕ್ಕೆ ಮುನ್ನವೇ ಅಲ್ಲಿ ನೆಲೆಸಿದ್ದರೂ ದಾಖಲೆಗೆ ಸೇರದಿದ್ದ ಭಾರತೀಯ ಕುಟುಂಬಗಳಿಗೂ ಅದೇ ತೀರ್ಪಿನಿಂದ ವಿನಾಯಿತಿ ದೊರೆಯಿತು.