ಅವ್ವನ ಪಾಠದಲ್ಲಿ ಅವ್ವ ಎಲ್ಲಿ?

ಬೋಧನಾ ಅಭ್ಯಾಸಕ್ಕೆ ಹೊರಟ ಪ್ರಶಿಕ್ಷಣಾರ್ಥಿಗಳು ಪ್ರಬಂಧ ಪಾಠಕ್ಕೆ ‘ನನ್ನ ತಾಯಿ’ ಅಥವಾ ‘ನನ್ನ ಅಜ್ಜಿ’ ಎಂಬ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ಬೋಧನೋಪಕರಣ ಬೇಕಿಲ್ಲ, ಮಕ್ಕಳು ಕೇಳದೆಯೇ ಮಾತಾಡುತ್ತಾರೆ, ಅವಧಿ ಸಲೀಸಾಗಿ ಮುಗಿಯುತ್ತದೆ. ಕೊನೆಗೆ ಕಪ್ಪುಹಲಗೆಯ ಮೇಲೆ ನಾಲ್ಕು ಪದಗಳು ಉಳಿಯುತ್ತವೆ: ಮಮತೆ, ತ್ಯಾಗ, ಸಹನೆ, ದುಡಿಮೆ. ಮಕ್ಕಳು ಅವನ್ನೇ ಇಳಿಸಿಕೊಳ್ಳುತ್ತಾರೆ. ಮೂವತ್ತು ನೋಟುಬುಕ್ಕುಗಳಲ್ಲಿ ಮೂವತ್ತು ತಾಯಂದಿರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತಾರೆ. ಇಂಥ ಪಾಠದಲ್ಲಿ ಗೌರವ ಇದೆ, ಅವ್ವ ಇಲ್ಲ. ಅವಳಿಗೆ ಏನು ಗೊತ್ತಿತ್ತು, ಅವಳು ಏನು ನಿರ್ಧರಿಸಿದಳು, ಅದಕ್ಕೆ ಏನು ಬೆಲೆ ಕೊಟ್ಟಳು ಎಂಬ ಪ್ರಶ್ನೆಗಳನ್ನು ಯಾರೂ ಕೇಳಿರುವುದಿಲ್ಲ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಉದಾಹರಣೆ ಇದೆ. 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಅವರನ್ನು ತರಗತಿಯಲ್ಲಿ ಪರಿಚಯಿಸುವಾಗ ನಾವು ಕಿರಾನಾ ಘರಾನೆ, 1971ರ ಪದ್ಮಭೂಷಣ, 2002ರ ಪದ್ಮವಿಭೂಷಣ ಎಂದು ಪಟ್ಟಿ ಓದಿ ಮುಗಿಸುತ್ತೇವೆ. ಅವರ ತಾಯಿ ಅಂಬಾಬಾಯಿಯವರ ಬಗ್ಗೆ ಒಂದೇ ಸಾಲು: ಮಗಳಿಗಾಗಿ ಹಾಡು ಬಿಟ್ಟ ತ್ಯಾಗಮಯಿ. ಆ ಸಾಲು ಸುಳ್ಳಲ್ಲ. ಆದರೆ ಅಲ್ಲಿಗೇ ನಿಂತರೆ ಪಾಠ ಶುರುವಾಗುವ ಮೊದಲೇ ಮುಗಿದಂತೆ.

ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಒಲವು ಹಿಂದೂಸ್ತಾನಿಯತ್ತ ಹೊರಳಿತು. ಎರಡೂ ಪದ್ಧತಿಗಳಲ್ಲಿ ಸ್ವರವನ್ನು ನಡೆಸುವ ರೀತಿ ಬೇರೆ, ಗಮಕ ಬೇರೆ. ಮನೆಯಲ್ಲಿ ದಿನವೂ ಕಿವಿಗೆ ಬೀಳುವ ಹಾಡು ಎಳೆಯ ಕಂಠದ ಮೇಲೆ ಕೂಡುತ್ತದೆ ಎಂದು ತಿಳಿದು ಆ ತಾಯಿ ತಮ್ಮ ಹಾಡನ್ನು ನಿಲ್ಲಿಸಿದರು. 1928ರಲ್ಲಿ ಮಗಳ ಕಲಿಕೆಗಾಗಿ ಸಂಸಾರ ಹುಬ್ಬಳ್ಳಿಗೆ ಬಂತು. ಶಿಕ್ಷಕರಾಗುವವರು ಇಲ್ಲಿ ಗಮನಿಸಬೇಕಾದದ್ದು, ಅಂಬಾಬಾಯಿಯವರ ಮಮತೆಯ ಜೊತೆಗೆ ಅವರ ತಿಳಿವಳಿಕೆ. ಕಲಿಯುವವಳ ಸುತ್ತಲಿನ ಪರಿಸರ ಹೇಗಿರಬೇಕೆಂದು ಅವರು ನಿರ್ಧರಿಸಿದರು. ಅದು ವಿದ್ಯೆ ಇದ್ದವರು ಮಾತ್ರ ಮಾಡಬಹುದಾದ ನಿರ್ಧಾರ. ಅದು ಸರಿಯೇ ಎಂದು ಚರ್ಚಿಸಲೂಬಹುದು. ಒಂದು ಮಗು ಎರಡು ಪದ್ಧತಿಗಳನ್ನು, ಎರಡು ಭಾಷೆಗಳನ್ನು ಒಟ್ಟಿಗೆ ಹಿಡಿಯಲಾರದೇ? ಒಂಬತ್ತನೆಯ ತರಗತಿಯ ಮಕ್ಕಳ ಮುಂದೆ ಈ ಪ್ರಶ್ನೆ ಇಟ್ಟು ನೋಡಿ. ತ್ಯಾಗ ಎಂಬ ಪದ ಬಾಯಿ ಮುಚ್ಚಿಸುತ್ತದೆ. ನಿರ್ಧಾರ ಎಂಬ ಪದ ಮಾತಿಗೆ ಎಳೆಯುತ್ತದೆ.

1932ರಲ್ಲಿ ಅಂಬಾಬಾಯಿ ತೀರಿಕೊಂಡರು. ಮಗಳಿಗೆ ಆಗ ಹತ್ತೊಂಬತ್ತು. ಹದಿನಾರಕ್ಕೇ ಮದುವೆಯಾಗಿತ್ತು. ಮುಂದೆ ಮಕ್ಕಳ ತಾಯಿಯಾಗಿಯೇ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಮನೆಯ ಖರ್ಚೂ ಅವರ ಹಾಡಿನ ಮೇಲೆಯೇ ನಡೆಯಬೇಕಿತ್ತು. ಗಾಯಕಿಯರ ಮನೆತನವೆಂದು ಬಾಲ್ಯದಲ್ಲಿ ನೆರೆಹೊರೆಯವರಿಂದ ಪಟ್ಟ ತಿರಸ್ಕಾರವನ್ನು ಅವರೇ ಹೇಳಿಕೊಂಡಿದ್ದಾರೆ. ಮಗಳು ಕೃಷ್ಣಾ ವರ್ಷಗಟ್ಟಲೆ ವೇದಿಕೆಯಲ್ಲಿ ತಾಯಿಯ ದನಿಗೆ ದನಿ ಸೇರಿಸಿದರು. ಆ ಮಗಳನ್ನು 2004ರಲ್ಲಿ ಕಳೆದುಕೊಂಡ ತಾಯಿ, ಮೊಮ್ಮಕ್ಕಳನ್ನು ಕಂಡ ಅಜ್ಜಿ, 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಕಣ್ಣು ಮುಚ್ಚಿದರು. ಆ ಕಣ್ಣುಗಳನ್ನೂ ದಾನ ಮಾಡಲಾಯಿತು. ಈ ಬದುಕನ್ನು ‘ಸಹನಾಮೂರ್ತಿ’ ಎಂಬ ಒಂದು ಪದಕ್ಕೆ ಇಳಿಸಿದರೆ ಮಕ್ಕಳಿಗೆ ಏನು ದಕ್ಕೀತು? ಬದಲಾಗಿ ಕೇಳಬಹುದು: ಅವರು ಕುಂದಗೋಳದ ರೈಲು ಹತ್ತುವ ದಿನ ಮನೆಯಲ್ಲಿ ಏನೇನು ಏರ್ಪಾಡು ಆಗಬೇಕಿತ್ತು? ನಿಮ್ಮ ಮನೆಯಲ್ಲಿ ಅವ್ವ ಕಲಿಯಲು ಹೊರಟರೆ ಯಾರು ಯಾವ ಕೆಲಸ ಮಾಡುತ್ತೀರಿ? ಎರಡನೆಯ ಪ್ರಶ್ನೆಗೆ ಗಂಡುಮಕ್ಕಳೂ ಉತ್ತರಿಸಬೇಕು.

ಇಷ್ಟೆಲ್ಲ ಮಾಡಿದರೆ ಕೃತಜ್ಞತೆ ಎಂಬ ಮೌಲ್ಯ ಹಿಂದೆ ಬೀಳುವುದಿಲ್ಲವೇ ಎಂದು ಹಿರಿಯ ಸಹೋದ್ಯೋಗಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಗೊತ್ತಿಲ್ಲದ ಸಂಗತಿಗೆ ಕೃತಜ್ಞರಾಗುವುದು ಹೇಗೆ? ನವಲಗುಂದದಲ್ಲಿ ಜಮಖಾನೆ ನೇಯುವವರು ಹೆಣ್ಣುಮಕ್ಕಳು. ಆ ವಿನ್ಯಾಸದ ಎಳೆಗಳ ಲೆಕ್ಕ ಅವರಿಗೆ ಬಾಯಿಪಾಠ. ಅಣ್ಣಿಗೇರಿ ಸೀಮೆಯ ಅಜ್ಜಿಗೆ ಕಡಲೆಯನ್ನು ಹುಳ ಹಿಡಿಯದಂತೆ ಕಾಪಿಡುವ ಬಗೆ ಗೊತ್ತು; ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವಾಗ ಅವಳ ಕೈ ಅಳತೆಪಟ್ಟಿ ಹುಡುಕುವುದಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲಿನ ಹೆಸರು ನಾಡಿಗೆಲ್ಲ ಗೊತ್ತು. ಅದನ್ನು ತೂಗಿದವರು ಹಾಡಿದ ಹಾಡುಗಳನ್ನು ಬರೆದುಕೊಂಡ ಮಕ್ಕಳು ಎಷ್ಟು?

ಇನ್ನೊಂದು ಮಾತು. ನಮ್ಮ ಹಳ್ಳಿಯ ತರಗತಿಗಳಲ್ಲಿ ತಾಯಿ ಇಲ್ಲದ ಮಗು ಇರುತ್ತದೆ, ದುಡಿಯಲು ಗೋವಾಕ್ಕೆ ಹೋದವರ ಮಗು ಇರುತ್ತದೆ, ಅಜ್ಜಿಯ ಮಡಿಲಲ್ಲೇ ಬೆಳೆದ ಮಗು ಇರುತ್ತದೆ. ‘ನನ್ನ ತಾಯಿ’ ಎಂದು ಶೀರ್ಷಿಕೆ ಕೊಟ್ಟೊಡನೆ ಆ ಮಗು ತಲೆ ತಗ್ಗಿಸುತ್ತದೆ, ಇಲ್ಲವೇ ಪಕ್ಕದವರ ತಾಯಿಯನ್ನು ನಕಲು ಮಾಡುತ್ತದೆ. ಆದ್ದರಿಂದ ಶೀರ್ಷಿಕೆಯನ್ನೇ ಬದಲಿಸೋಣ: ‘ನನ್ನನ್ನು ಬೆಳೆಸಿದವರಿಗೆ ಗೊತ್ತಿರುವ ಒಂದು ವಿದ್ಯೆ’. ಹಿಂದಿನ ದಿನ ಮೂರು ಪ್ರಶ್ನೆ ಕೊಟ್ಟು ಕಳಿಸಿ: ನಿನಗೆ ಚೆನ್ನಾಗಿ ಬರುವ ಕೆಲಸ ಯಾವುದು? ಯಾರಿಂದ ಕಲಿತಿ? ಕಲಿಯಬೇಕೆಂದು ಆಸೆಪಟ್ಟೂ ಕಲಿಯಲಾಗದೆ ಉಳಿದದ್ದು ಯಾವುದು? ಮೂರನೆಯ ಪ್ರಶ್ನೆಯ ಉತ್ತರವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸುವ ಒತ್ತಾಯ ಬೇಡ. ಅದು ಮನೆಯಲ್ಲಿ ಕೇಳಿಸಿಕೊಂಡರೆ ಸಾಕು.

ಪಾಠ ಅವಲೋಕಿಸುವ ನಮ್ಮಂಥವರಿಗೂ ಕೆಲಸವಿದೆ. ಕಪ್ಪುಹಲಗೆಯ ಅಂದ, ಸಮಯಪಾಲನೆಗಳಿಗೆ ಅಂಕ ಕೊಡುವಾಗ ಮಕ್ಕಳ ಬರಹಗಳಲ್ಲಿ ಐದನ್ನು ತೆಗೆದು ಓದೋಣ. ಐದರಲ್ಲೂ ಅವ್ವ ಒಬ್ಬಳೇ ಆಗಿದ್ದರೆ ಪಾಠ ಇನ್ನೊಮ್ಮೆ ಆಗಬೇಕು.